ಲೆವೆಲ್: ಆಟದ್ದೋ, ಆಡುವವನದ್ದೋ?

ಹೋದ ವಾರ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಅಕ್ಕನ ಮಗ. ಏಳನೇ ಕ್ಲಾಸು. ಬಸ್ ಹತ್ತಿದಾಗಿನಿಂದ ಮೊಬೈಲಿನಿಂದ ತಲೆ ಎತ್ತಿರಲಿಲ್ಲ. ನವನಗರ ದಾಟುವಾಗ ಒಮ್ಮೆಲೇ ಕೂಗಿದ: "ಮಾಮಾ, ನಂದು ನಲವತ್ತನೇ ಲೆವೆಲ್ ಆತು!"

"ಆಟದ ಲೆವೆಲ್ಲೋ, ನಿಂದೋ?" ಅಂತ ಕೇಳಿದೆ.

"ಎರಡೂ ಒಂದಽ ಅಲ್ಲೇನು?"

ಒಂದೇ ಅಲ್ಲ. ವಿಡಿಯೋ ಗೇಮಿನ ಮಾತಿನಲ್ಲಿ ಈ ಪದಕ್ಕೆ ಕಡಿಮೆ ಅಂದರೂ ಮೂರು ಅರ್ಥಗಳಿವೆ. ದಿನಾ ಆಡುವವರೂ ಮೂರನ್ನೂ ಕಲಸಿಬಿಡುತ್ತಾರೆ.

ಮೊದಲನೆಯ ಅರ್ಥದಲ್ಲಿ ಲೆವೆಲ್ ಅಂದರೆ ಜಾಗ. 1985ರ ಸೂಪರ್ ಮಾರಿಯೋ ಬ್ರದರ್ಸ್ ನೋಡಿ. ಎಂಟು ಲೋಕ, ಲೋಕಕ್ಕೆ ನಾಲ್ಕು ಲೆವೆಲ್, ಒಟ್ಟು 32. ಪ್ರತಿ ಲೋಕದಲ್ಲಿ ಮೊದಲ ಮೂರರ ಕೊನೆಗೆ ಒಂದು ಧ್ವಜದ ಕಂಬ, ನಾಲ್ಕನೆಯದು ಕೋಟೆ. ಗುರಿ ಸರಳ: ಟೈಮ್ ಮುಗಿಯುವುದರೊಳಗೆ ಕಂಬ ಮುಟ್ಟು. ಇದರ ಮೊಟ್ಟಮೊದಲ ಲೆವೆಲ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಶುರುವಿನಲ್ಲಿ ಮಾರಿಯೋ ಎಡಕ್ಕೆ ನಿಂತಿರುತ್ತಾನೆ, ಬಲಗಡೆ ಪೂರ್ತಿ ಖಾಲಿ. ಯಾರೂ ಹೇಳದಿದ್ದರೂ ನೀವು ಬಲಕ್ಕೇ ಹೋಗುತ್ತೀರಿ. ಅಣಬೆಯಂಥ ಒಂದು ಪ್ರಾಣಿ ಎದುರಿಗೆ ಬರುತ್ತದೆ. ಮುಟ್ಟಿದರೆ ಸತ್ತಿರಿ. ಸತ್ತರೂ ಹೋಗುವುದು ನಾಲ್ಕೈದು ಸೆಕೆಂಡು ಅಷ್ಟೇ, ಮುಂದಿನ ಸಲ ಹಾರುತ್ತೀರಿ. ಆಮೇಲೆ ಪ್ರಶ್ನೆ ಚಿಹ್ನೆ ಇರುವ ಡಬ್ಬಿಗೆ ತಲೆ ಬಡಿದರೆ ನಿಜವಾದ ಅಣಬೆಯೊಂದು ಹೊರಬರುತ್ತದೆ. ಇದೂ ಶತ್ರುವೇ ಅಂತ ನೀವು ಹೆದರುತ್ತೀರಿ. ಅದು ಬಲಕ್ಕೆ ಉರುಳಿ, ಪೈಪಿಗೆ ಬಡಿದು, ನಿಮ್ಮ ಕಡೆಗೇ ವಾಪಸ್ ಬರುತ್ತದೆ. ಹಾರಿ ತಪ್ಪಿಸಿಕೊಳ್ಳೋಣ ಅಂದರೆ ಮೇಲೆ ಇಟ್ಟಿಗೆ ಸಾಲು. ಬಂದು ತಾಗಿದಾಗ ಮಾರಿಯೋ ದೊಡ್ಡವನಾಗುತ್ತಾನೆ! ಒಂದು ಅಕ್ಷರ ಓದಿಸದೆ ಪಾಠ ಮುಗಿಯಿತು. ಆ ಪೈಪು, ಆ ಇಟ್ಟಿಗೆ ಸುಮ್ನೆ ಅಲ್ಲಿಲ್ಲ. ಒಳ್ಳೆಯ ಲೆವೆಲ್ ಮೊದಲು ಕಲಿಸುತ್ತದೆ, ಪರೀಕ್ಷೆ ಆಮೇಲೆ.

ಎರಡನೆಯ ಅರ್ಥ, ಆಟ ಎಷ್ಟು ಕಷ್ಟ ಅನ್ನುವ ಅಳತೆ. ನೋಕಿಯಾ ಫೋನಿನ ಹಾವಿನ ಆಟ ನೆನಪಿದೆ ಅಲ್ವಾ? 1997ರ 6110 ಮಾಡೆಲ್‌ನಲ್ಲಿ ಬಂದದ್ದು. ಅಲ್ಲಿ ಲೆವೆಲ್ ಅಂದರೆ ಹಾವಿನ ವೇಗ, ಅದನ್ನು ನೀವೇ ಆರಿಸಿಕೊಳ್ಳಬೇಕು. ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸಿ, ಸಾಲು ತುಂಬಿಸಿ ಅಳಿಸುವ ಟೆಟ್ರಿಸ್‌ನದೂ ಇದೇ ಜಾತಿ, ಆದರೆ ವೇಗವನ್ನು ಆಟವೇ ಏರಿಸುತ್ತದೆ. ನಿಂಟೆಂಡೊ 1989ರಲ್ಲಿ ತಂದ ಟೆಟ್ರಿಸ್‌ನಲ್ಲಿ ಸೊನ್ನೆಯಿಂದ ಶುರು ಮಾಡಿದರೆ 10 ಸಾಲು ಅಳಿಸಿದಾಗೊಮ್ಮೆ ಒಂದು ಲೆವೆಲ್ ಏರುತ್ತದೆ. 29ನೇ ಲೆವೆಲ್‌ನಲ್ಲಿ ತುಂಡು ಮೇಲಿನಿಂದ ತಳಕ್ಕೆ ಬೀಳಲು ಸೆಕೆಂಡಿನ ಮೂರನೇ ಒಂದು ಪಾಲು ಸಾಕು. ಮನುಷ್ಯನ ಕೈಲಿ ಇನ್ನು ಆಗದು ಅಂತ ಬಹಳ ವರ್ಷ ಎಲ್ಲರೂ ನಂಬಿದ್ದರು. ಆಮೇಲೆ ಹುಡುಗರು ಗುಂಡಿ ಒತ್ತುವ ಹೊಸ ಹೊಸ ವರಸೆ ಕಂಡುಕೊಂಡರು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೇ ಲೆವೆಲ್ ತಲುಪಿದ. ಸೋತದ್ದು ಅವನಲ್ಲ. ಪ್ರೋಗ್ರಾಮೇ ಅಲ್ಲಿ ಕೆಟ್ಟು ನಿಂತಿತು.

ಮೂರನೆಯದರಲ್ಲಿ ಲೆವೆಲ್ ನಿಮ್ಮದೇ, ಅಂದರೆ ನಿಮ್ಮ ಪಾತ್ರದ್ದು. ಇದು ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಕಾಗದ ಮತ್ತು ದಾಳ ಇಟ್ಟುಕೊಂಡು ಕೂತು ಆಡುವ ಆಟದಿಂದ ಬಂತು. ಸಾಹಸ ಮಾಡಿದಂತೆ ಅನುಭವದ ಅಂಕ ಕೂಡುತ್ತವೆ, ಇಷ್ಟು ಕೂಡಿದರೆ ಒಂದು ಲೆವೆಲ್, ಅದರ ಜೊತೆ ಒಂದಿಷ್ಟು ಬಲ. ತಮಾಷೆ ನೋಡಿ: ಟೆಟ್ರಿಸ್‌ನಲ್ಲಿ ಲೆವೆಲ್ ಏರಿದರೆ ನಿಮಗೆ ಕಷ್ಟ, ಇಲ್ಲಿ ಏರಿದರೆ ಆರಾಮ. ಹಾಗೇ ಬಿಟ್ಟರೆ ಬೇಸರ ಬರುತ್ತದೆ. ಅದಕ್ಕೇ ಎಷ್ಟೋ ಆಟಗಳು ನಿಮ್ಮ ಜೊತೆ ಶತ್ರುವಿನ ಬಲವನ್ನೂ ಏರಿಸುತ್ತವೆ. ನಮ್ಮ ಹುಡುಗನ ನಲವತ್ತು ಈ ಬಗೆಯದು. "ಶತ್ರು ಮೊದ್ಲೂ ಮೂರು ಏಟಿಗೆ ಬೀಳ್ತಿದ್ದ, ಮಾಮಾ, ಈಗೂ ಮೂರಽ ಬೇಕು" ಅಂದ. ಅನುಮಾನ ಬಂದಿತ್ತು ಅವನಿಗೆ.

ಇನ್ನು ಕಷ್ಟ ಹೇಗೆ ಹುಟ್ಟುತ್ತದೆ ಅನ್ನುವುದು. ಇದಕ್ಕೆ ನಮ್ಮ ಕಡೆಯ ಪಂಚಮಿಗಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ. ಗದಗ ಕಡೆಯ ನಮ್ಮೂರಲ್ಲಿ ಹಬ್ಬದ ದಿನ ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟುತ್ತಾರೆ. ಅಗಸಿಯಿಂದ ಹನುಮಪ್ಪನ ಗುಡಿಗೆ ಇಪ್ಪತ್ತು ಎಸೆತದಲ್ಲಿ ಮುಟ್ಟಿಸಬೇಕು. ಗುರಿ ಎಂದರೆ ಗುಡಿ. ಎಸೆತ ಹದಿನೆಂಟಕ್ಕೆ ಇಳಿಸಿದರೆ ಗುಡಿ ಇದ್ದಲ್ಲೇ ಇದೆ, ದಾರಿಯೂ ಅದೇ, ಆದರೆ ರಟ್ಟೆಗೆ ಬೇರೆಯದೇ ಆಟ. 2012ರಿಂದ ಜನ ಆಡುತ್ತಿರುವ ಕ್ಯಾಂಡಿ ಕ್ರಶ್ ನಡೆಯುವುದೂ ಹೆಚ್ಚುಕಡಿಮೆ ಹೀಗೇ: ಇಷ್ಟು ನಡೆಯೊಳಗೆ ಇಷ್ಟು ಕೆಲಸ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುವ ಪಂದ್ಯವೂ ಇರುತ್ತದೆ, ಅಲ್ಲಿ ಕಸಿದುಕೊಂಡದ್ದು ಎಣಿಕೆಯನ್ನಲ್ಲ, ದಾರಿಯ ಸುಳಿವನ್ನು. ವೇಗ, ಸಮಯ, ಅವಕಾಶ, ಸುಳಿವು. ಗೇಮ್ ಮಾಡುವವರು ತಿರುಗಿಸುವ ಕೀಲಿಗಳೂ ಬಹುತೇಕ ಇವೇ.

ಒಮ್ಮೊಮ್ಮೆ ಕೀಲಿ ತಾನೇ ತಿರುಗಿದ್ದೂ ಉಂಟು. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಪರದೆ ಮೇಲೆ 55 ಶತ್ರುಗಳು. ಅಷ್ಟನ್ನು ಚಿತ್ರಿಸಲು ಅಂದಿನ ಯಂತ್ರ ಏದುಸಿರು ಬಿಡುತ್ತಿತ್ತು. ಒಂದೊಂದು ಸತ್ತಂತೆ ಭಾರ ಇಳಿದು, ಉಳಿದವು ಜೋರಾಗಿ ಓಡತೊಡಗಿದವು. ಅದನ್ನು ರೂಪಿಸಿದ ತೊಮೊಹಿರೊ ನಿಶಿಕಾಡೊ ಇದನ್ನು ಸರಿಪಡಿಸಲು ಹೋಗಲಿಲ್ಲ, ಹಾಗೇ ಇಟ್ಟರು. ಕೊನೆಯ ಒಂದೇ ಒಂದು ಉಳಿದಾಗ ಅದನ್ನು ಹೊಡೆಯುವ ಗಡಿಬಿಡಿಯೇ ಆ ಆಟದ ಮಜಾ.

ಶುರುವಿಗೆ ಕೇಳುತ್ತಾರಲ್ಲ, ಈಸಿ ಬೇಕೋ ಹಾರ್ಡ್ ಬೇಕೋ ಅಂತ, ಅದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆರು ಏಟಿಗೆ ಬೀಳುವ ಶತ್ರು ಹನ್ನೆರಡು ಏಟಿಗೆ ಬೀಳುತ್ತಾನೆ, ಬಹಳಷ್ಟು ಆಟಗಳಲ್ಲಿ ವ್ಯತ್ಯಾಸ ಅಷ್ಟೇ. ಆಡದೇ ಇರುವ ಆಟದಲ್ಲಿ ನನ್ನ ತಾಕತ್ತು ಎಷ್ಟು ಅಂತ ನನಗೇನು ಗೊತ್ತು? 2005ರ ರೆಸಿಡೆಂಟ್ ಈವಿಲ್ 4 ಹೆಚ್ಚು ಜಾಣ. ನೀವು ಮತ್ತೆ ಮತ್ತೆ ಸತ್ತರೆ ಅದು ಒಳಗೊಳಗೇ ಶತ್ರುಗಳನ್ನು ಕಡಿಮೆ ಮಾಡುತ್ತದೆ, ಉಳಿದವರನ್ನು ಮೆತ್ತಗಾಗಿಸುತ್ತದೆ. ಪರದೆ ಮೇಲೆ ಎಲ್ಲೂ ಹೇಳುವುದಿಲ್ಲ. ನಮ್ಮೂರಲ್ಲಿ ನಿಂಬೆಹಣ್ಣಿನ ಲೆಕ್ಕ ಇಡುತ್ತಿದ್ದ ಹಿರಿಯರೂ ಅಷ್ಟೇ. ಸಣ್ಣ ಹುಡುಗರ ಪಾಳಿ ಬಂದಾಗ ಒಂದೆರಡು ಎಸೆತ ಎಣಿಸುವುದನ್ನೇ ಮರೆತುಬಿಡುತ್ತಿದ್ದರು.