ಜೈಲಿನಲ್ಲಿರುವವರೆಲ್ಲ ಶಿಕ್ಷೆಯಾದವರೇ?

ಪ್ರಶ್ನೆ: ಅಮೆರಿಕದಲ್ಲಿ ‘ಜೈಲ್’ ಬೇರೆ, ‘ಪ್ರಿಸನ್’ ಬೇರೆ ಎಂದು ಅಲ್ಲಿರುವ ನನ್ನ ಮಗ ಹೇಳುತ್ತಾನೆ. ನಮ್ಮ ಸಬ್ ಜೈಲು, ಸೆಂಟ್ರಲ್ ಜೈಲುಗಳದ್ದೂ ಅದೇ ವ್ಯತ್ಯಾಸವೇ? ನಮ್ಮೂರಿನ ಹುಡುಗನೊಬ್ಬನನ್ನು ಕೋರ್ಟು ‘ನ್ಯಾಯಾಂಗ ಬಂಧನ’ಕ್ಕೆ ಕಳಿಸಿದೆ. ಅವನಿಗೆ ಶಿಕ್ಷೆಯಾಯಿತು ಅಂತಲೇ ಊರೆಲ್ಲ ಮಾತು.

ಉತ್ತರ: ಆ ಹುಡುಗನಿಗೆ ಶಿಕ್ಷೆಯಾಗಿಲ್ಲ. ಊರಿನವರಿಗೆ ಮೊದಲು ಇದನ್ನು ಹೇಳಿ, ಮಿಕ್ಕಿದ್ದು ಆಮೇಲೆ. ನ್ಯಾಯಾಂಗ ಬಂಧನ ಎಂದರೆ ತನಿಖೆ ಅಥವಾ ವಿಚಾರಣೆ ಮುಗಿಯುವ ತನಕ, ಇಲ್ಲವೇ ಜಾಮೀನು ಸಿಗುವ ತನಕ, ಕೋರ್ಟಿನ ಆದೇಶದಂತೆ ಜೈಲಿನಲ್ಲಿ ಇರಿಸುವುದು, ಅಷ್ಟೇ. ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಬೇಕು.

ನಿಮ್ಮ ಮಗ ಹೇಳಿದ್ದು ಸರಿ. ಅಮೆರಿಕದಲ್ಲಿ ಜೈಲು ಸಾಮಾನ್ಯವಾಗಿ ಕೌಂಟಿಯದ್ದು, ಅಂದರೆ ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತದ್ದು. ಅದನ್ನು ನಡೆಸುವವರು ಹೆಚ್ಚಿನ ಕಡೆ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರಂಥ ಅಧಿಕಾರಿ. ಬಂಧಿಸಿದವರನ್ನು ಮೊದಲು ತರುವುದು ಅಲ್ಲಿಗೆ. ವಿಚಾರಣೆಗೆ ಕಾಯುವವರು, ಸುಮಾರು ಒಂದು ವರ್ಷದೊಳಗಿನ ಸಣ್ಣ ಶಿಕ್ಷೆಯವರು ಅಲ್ಲಿರುತ್ತಾರೆ. ಅದಕ್ಕಿಂತ ದೊಡ್ಡ ಶಿಕ್ಷೆಯಾದವರನ್ನು ರಾಜ್ಯ ಸರ್ಕಾರದ ಅಥವಾ ಫೆಡರಲ್ ಸರ್ಕಾರದ ಪ್ರಿಸನ್‌ಗೆ ಸಾಗಿಸುತ್ತಾರೆ. ಹಾಗಾಗಿ ಪ್ರಿಸನ್‌ನಲ್ಲಿ ಜನ ವರ್ಷಗಟ್ಟಲೆ ಉಳಿಯುತ್ತಾರೆ, ಜೈಲಿಗೆ ದಿನವೂ ಬಂದು ಹೋಗುತ್ತಿರುತ್ತಾರೆ. 2022ರಲ್ಲಿ ಅಲ್ಲಿನ ಸ್ಥಳೀಯ ಜೈಲುಗಳಿಗೆ ಸುಮಾರು 73 ಲಕ್ಷ ಬಾರಿ ಜನರನ್ನು ಸೇರಿಸಿಕೊಂಡಿದ್ದರು. ಆದರೆ ಆ ವರ್ಷದ ನಡುವೆ ಒಂದು ದಿನ ಲೆಕ್ಕ ಹಾಕಿದಾಗ ಒಳಗಿದ್ದವರು 6.6 ಲಕ್ಷದಷ್ಟು, ಅವರಲ್ಲಿ ಹತ್ತಕ್ಕೆ ಏಳು ಮಂದಿ ಶಿಕ್ಷೆಯಾಗದವರು. ಈ ವಿಂಗಡಣೆ ಎಲ್ಲ ರಾಜ್ಯಗಳಲ್ಲೂ ಇಲ್ಲ. ಅಲಾಸ್ಕಾ, ಹವಾಯಿ, ಕನೆಕ್ಟಿಕಟ್, ಡೆಲವೇರ್, ರೋಡ್ ಐಲೆಂಡ್, ವರ್ಮಾಂಟ್ ರಾಜ್ಯಗಳಲ್ಲಿ ಎರಡನ್ನೂ ಒಂದೇ ಇಲಾಖೆ ನೋಡಿಕೊಳ್ಳುತ್ತದೆ.

ಶಿಕ್ಷೆಯಾಗದವರಿಗೆ ಬೇರೆ ಕಟ್ಟಡ ಇದೆ ಎಂದ ಮಾತ್ರಕ್ಕೆ ಅಲ್ಲಿ ಅನ್ಯಾಯವಿಲ್ಲ ಎಂದುಕೊಳ್ಳಬೇಡಿ. 2010ರಲ್ಲಿ ನ್ಯೂಯಾರ್ಕಿನ 16 ವರ್ಷದ ಹುಡುಗನೊಬ್ಬನ ಮೇಲೆ ಬ್ಯಾಗ್ ಕದ್ದ ಆರೋಪ ಬಂತು. 3,000 ಡಾಲರ್ ಜಾಮೀನು ಹಣ ಹೊಂದಿಸಲು ಮನೆಯವರಿಂದ ಆಗಲಿಲ್ಲ. ರೈಕರ್ಸ್ ಐಲೆಂಡ್ ಜೈಲಿಗೆ ಹೋದವನು ಸುಮಾರು ಮೂರು ವರ್ಷ ಅಲ್ಲೇ ಕಳೆದ, ಅದರಲ್ಲಿ ಹೆಚ್ಚಿನ ಕಾಲ ಒಂಟಿ ಸೆಲ್‌ನಲ್ಲಿ. ಕೊನೆಗೆ ವಿಚಾರಣೆಯೇ ನಡೆಯದೆ 2013ರಲ್ಲಿ ಕೇಸು ಬಿದ್ದುಹೋಯಿತು. ಹೊರಬಂದ ಎರಡು ವರ್ಷಕ್ಕೆ ಅವನು ತನ್ನ ಜೀವ ತೆಗೆದುಕೊಂಡ. ಆ ಮೂರು ವರ್ಷಕ್ಕೆ ಯಾವ ಕೋರ್ಟಿನ ತೀರ್ಪೂ ಇರಲಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಪೊಲೀಸ್ ಠಾಣೆಯ ಲಾಕಪ್ ಜೈಲಲ್ಲ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅವರು ಪೊಲೀಸ್ ಕಸ್ಟಡಿಗೆ ಕೊಟ್ಟರೆ ಅದು ಒಟ್ಟು 15 ದಿನ ಮೀರುವಂತಿಲ್ಲ. ನ್ಯಾಯಾಂಗ ಬಂಧನವಾದರೆ ಹುಡುಗ ಪೊಲೀಸರ ಕೈಯಿಂದ ಕಾರಾಗೃಹ ಇಲಾಖೆಯ ಕೈಗೆ ಹೋಗುತ್ತಾನೆ. ಆಮೇಲೆ ಪೊಲೀಸರು ಅವನನ್ನು ವಿಚಾರಿಸಬೇಕೆಂದರೆ ಕೋರ್ಟಿನ ಅಪ್ಪಣೆ ಬೇಕು.

ಸಬ್ ಜೈಲು, ಜಿಲ್ಲಾ ಕಾರಾಗೃಹ, ಕೇಂದ್ರ ಕಾರಾಗೃಹ ಎನ್ನುವುದು ಮುಖ್ಯವಾಗಿ ಗಾತ್ರ ಮತ್ತು ಶಿಕ್ಷೆಯ ಅವಧಿಯ ಮೇಲೆ ಮಾಡಿದ ವಿಂಗಡಣೆ. ಎರಡು ವರ್ಷಕ್ಕೂ ಮೀರಿದ ಸಜೆಯಾದವರನ್ನು ಸಾಮಾನ್ಯವಾಗಿ ಕೇಂದ್ರ ಕಾರಾಗೃಹಕ್ಕೆ ಕಳಿಸುತ್ತಾರೆ. ಬೆಂಗಳೂರಿನ ಪರಪ್ಪನ ಅಗ್ರಹಾರ, ಬೆಳಗಾವಿಯ ಹಿಂಡಲಗಾ, ಮೈಸೂರು, ಬಳ್ಳಾರಿ, ಕಲಬುರಗಿಯವು ಅಂಥವು. ಆದರೆ ವಿಚಾರಣಾಧೀನ ಕೈದಿಗಳೂ ಇದೇ ಕೇಂದ್ರ ಕಾರಾಗೃಹಗಳಲ್ಲಿ ಇರುತ್ತಾರೆ. ಅಮೆರಿಕದವರು ಎರಡು ಕಟ್ಟಡ ಕಟ್ಟಿ ಬೇರ್ಪಡಿಸಿದ್ದನ್ನು ನಾವು ಒಂದೇ ಕಾಂಪೌಂಡಿನೊಳಗೆ ಬ್ಯಾರಕ್‌ಗಳಲ್ಲಿ ಬೇರ್ಪಡಿಸುತ್ತೇವೆ. ಶಿಕ್ಷೆಯಾಗದವರನ್ನು ಶಿಕ್ಷೆಯಾದವರಿಂದ ದೂರ ಇಡಬೇಕೆಂದು 1894ರ ಕಾರಾಗೃಹ ಕಾಯ್ದೆಯಲ್ಲೇ ಇತ್ತು. ಜೈಲು ಕಿಕ್ಕಿರಿದಾಗ ಮೊದಲು ಅಳಿಸಿಹೋಗುವುದು ಈ ಗೆರೆಯೇ.

ಹೊರಗಿನಿಂದ ನೋಡಿದರೆ ಎಲ್ಲರೂ ಕೈದಿಗಳೇ. ಒಳಗೆ ವ್ಯತ್ಯಾಸ ಬಟ್ಟೆಯಿಂದಲೇ ಶುರು. ಸಜಾ ಕೈದಿಗಳಿಗೆ ಜೈಲಿನ ಸಮವಸ್ತ್ರ, ನಂಬರು. ವಿಚಾರಣಾಧೀನರು ಮನೆಯ ಬಟ್ಟೆ ಹಾಕಿಕೊಳ್ಳಬಹುದು. ಕಠಿಣ ಸಜೆಯವರು ಕೊಟ್ಟ ಕೆಲಸ ಮಾಡಲೇಬೇಕು, ಅದಕ್ಕೆ ಕೂಲಿ ಉಂಟು. ವಿಚಾರಣಾಧೀನರಿಗೆ ಆ ಬಲವಂತವಿಲ್ಲ. ಹಾಗೆಯೇ ಪೆರೋಲ್, ಸನ್ನಡತೆಯ ಮೇಲಿನ ಶಿಕ್ಷೆ ಕಡಿತ ಇವೆಲ್ಲ ಸಜಾ ಕೈದಿಗೆ ಮಾತ್ರ. ಸಜೆಯಾದವನಿಗೆ ಬಿಡುಗಡೆಯ ದಿನ ಗೊತ್ತಿರುತ್ತದೆ, ದಿನ ಎಣಿಸಬಹುದು. ವಿಚಾರಣಾಧೀನನಿಗೆ ಗೊತ್ತಿರುವುದು ಮುಂದಿನ ವಾಯ್ದೆಯ ತಾರೀಖು ಒಂದೇ.

ಇಂಥವರು ಎಷ್ಟು ಮಂದಿ? 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನರಿದ್ದರು. ಅವರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು, ನಾಲ್ವರಲ್ಲಿ ಮೂವರು. ಜೈಲಿಗೆ ಹೋದವನು ಅಪರಾಧಿ ಎಂಬ ಊರಿನ ಮಾತು ಎಷ್ಟು ತಪ್ಪು ಎನ್ನುವುದಕ್ಕೆ ಈ ಲೆಕ್ಕ ಸಾಕು.

ಅನೇಕರು ಜಾಮೀನು ಸಿಕ್ಕ ಮೇಲೂ ಒಳಗೇ ಇರುತ್ತಾರೆ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಜಾಮೀನು ಆದೇಶದ ಜೊತೆಗೆ ಶ್ಯೂರಿಟಿ ಕೇಳುತ್ತಾರೆ. ಶ್ಯೂರಿಟಿ ಎಂದರೆ ಪಹಣಿಯಲ್ಲೋ ಖಾತೆಯಲ್ಲೋ ಹೆಸರಿರುವ ಒಬ್ಬರು ಕೋರ್ಟಿಗೆ ಬಂದು ಸಹಿ ಹಾಕಬೇಕು. ರಾಯಚೂರಿನಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವನಿಗೆ ಇಲ್ಲಿ ಜಮೀನಿರುವ ಯಾರು ಸಿಗುತ್ತಾರೆ? ಈ ಪ್ರಶ್ನೆ ಹಳೆಯದು. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸಗಾರನಿಗೆ ಕೆಳಗಿನ ಕೋರ್ಟು 10,000 ರೂಪಾಯಿಯ ಶ್ಯೂರಿಟಿ ಕೇಳಿತ್ತು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಆ ಸಹೋದರನ ಶ್ಯೂರಿಟಿಯನ್ನು ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ತಳ್ಳಿಹಾಕಿ, 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಲು ಹೇಳಿದರು. ಸ್ಥಳೀಯ ಶ್ಯೂರಿಟಿಗಾಗಿ ಪಟ್ಟು ಹಿಡಿಯಬೇಡಿ ಎಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಮತ್ತೆ ಹೇಳಬೇಕಾಯಿತು. ಜಾಮೀನು ಸಿಕ್ಕು ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲಿನ ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದೂ ಆಗಲೇ ಸೂಚಿಸಿತು.

ನಿಮ್ಮೂರಿನ ಹುಡುಗನ ಮನೆಯವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕಾದ ದಿನಗಳಿವೆ. 60 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಅವನ ಹಕ್ಕು. ಮರಣದಂಡನೆ, ಜೀವಾವಧಿ, ಇಲ್ಲವೇ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಕೇಸಾದರೆ 90 ದಿನ. ಕೇಳದಿದ್ದರೆ ಇದು ತಾನಾಗಿ ಸಿಗುವುದಿಲ್ಲ, ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಹಾಕಬೇಕು. ಭಯೋತ್ಪಾದನೆಯಂಥ ಕೇಸುಗಳಿಗೆ ಹಾಕುವ ಯುಎಪಿಎಯಂಥ ವಿಶೇಷ ಕಾಯ್ದೆಗಳಲ್ಲಿ ಲೆಕ್ಕ ಬೇರೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಇನ್ನೊಂದು ಬಾಗಿಲು ತೆರೆದಿದೆ. ಹಿಂದೆ ಎಂದೂ ಶಿಕ್ಷೆಯಾಗದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಕೋರ್ಟು ಅವನನ್ನು ಬಾಂಡ್ ಮೇಲೆ ಬಿಡಬೇಕು. ಮಿಕ್ಕವರಿಗೆ ಅರ್ಧ. ಜೀವಾವಧಿ ಅಥವಾ ಮರಣದಂಡನೆಯ ಆರೋಪವಿದ್ದವರಿಗೆ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದವರಿಗೆ ಇದು ಅನ್ವಯಿಸದು. ಆ ಅವಧಿ ತುಂಬಿದಾಗ ಕೋರ್ಟಿಗೆ ಬರೆಯಬೇಕಾದ ಹೊಣೆ ಸೂಪರಿಂಟೆಂಡೆಂಟರದ್ದು. ಆದರೂ ಮನೆಯವರೇ ಲೆಕ್ಕವಿಟ್ಟು ವಕೀಲರಿಗೆ ನೆನಪಿಸುವುದು ಒಳ್ಳೆಯದು. ಮುಂದೆ ಶಿಕ್ಷೆಯಾದರೂ ಒಳಗಿದ್ದ ದಿನಗಳನ್ನು ಆ ಶಿಕ್ಷೆಯ ಅವಧಿಯಿಂದ ಕಡಿತ ಮಾಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಕಾನೂನು ಸಜಾ ಕೈದಿ, ವಿಚಾರಣಾಧೀನ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ, ಮತದಾನ. ಶಿಕ್ಷೆಯಾಗಿರಲಿ ಬಿಡಲಿ, ಒಳಗಿರುವವರು ಓಟು ಹಾಕುವಂತಿಲ್ಲ. ಮುನ್ನೆಚ್ಚರಿಕೆ ಬಂಧನದಲ್ಲಿ, ಅಂದರೆ ಮುಂದೆ ಅಪರಾಧ ಮಾಡಬಹುದೆಂದು ಮೊದಲೇ ಹಿಡಿದಿಟ್ಟಿರುವವರಿಗಷ್ಟೇ ವಿನಾಯಿತಿ. ಆದರೆ ಅಮೆರಿಕದಲ್ಲಿ, ಶಿಕಾಗೋದ ಕುಕ್ ಕೌಂಟಿ ಜೈಲಿನಲ್ಲಿ 2020ರಿಂದ ಮತಗಟ್ಟೆಯೇ ಇದೆ. ತೀರ್ಪು ಬರದವನ ಓಟು ಕಿತ್ತುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಕೊನೆಯದಾಗಿ, ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಮನೆಯವರು ಕೈಕಟ್ಟಿ ಕೂರಬೇಕಿಲ್ಲ. ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿದೆ. ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ಕೇಸಿನ ನಂಬರು, ಬಂಧಿಸಿದ ದಿನಾಂಕ ಬರೆದುಕೊಂಡಿರಿ.