ಮೆಸೇಜ್ ಕಳೆದುಹೋದರೂ ಲೆಕ್ಕ ತಪ್ಪಬಾರದು

ಮುಧೋಳ ಕಡೆಯ ಕಬ್ಬಿನ ಹೊಲಗಳಲ್ಲಿ ಥ್ರೀ ಫೇಸ್ ಕರೆಂಟ್ ಬಂತೆಂದರೆ ಎಲ್ಲರ ಮೋಟಾರೂ ಒಮ್ಮೆಗೇ ಚಾಲೂ ಆಗುತ್ತವೆ. ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಲೋಡ್ ಜಾಸ್ತಿಯಾದರೆ ವೋಲ್ಟೇಜ್ ಇಳಿಯುತ್ತದೆ, ಕೆಲವೊಮ್ಮೆ ಟಿಸಿಯೇ ಸುಡುತ್ತದೆ. ಈಗಂತೂ ಮೊಬೈಲ್‌ನಿಂದ ನಡೆಯುವ ಸ್ಟಾರ್ಟರ್‌ಗಳು ಬಂದಿವೆ. ಅವೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ಲೋಡ್ ಹಂಚಿಕೊಂಡರೆ ಹೇಗೆ? ನಡುವೆ ಯಜಮಾನನಿಲ್ಲ. ಯಾವ ಹೊಲಕ್ಕೆ ಎಷ್ಟು ನೀರು ಬೇಕೆಂಬುದು ಆಯಾ ಸ್ಟಾರ್ಟರ್‌ಗಷ್ಟೇ ಗೊತ್ತು. ಸಾಲದ್ದಕ್ಕೆ, ನೆಟ್‌ವರ್ಕ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಈ ಪ್ರಶ್ನೆಯ ಹಿಂದೆ ಸುಮಾರು ಐವತ್ತು ವರ್ಷದ ಗಣಿತವಿದೆ. ಪಕ್ಕದವರ ಅಂದಾಜನ್ನು ತನ್ನದರ ಜೊತೆ ಸೇರಿಸಿ ಸರಾಸರಿ ತೆಗೆಯುತ್ತಾ ಹೋದರೆ ಎಲ್ಲರೂ ಒಂದೇ ಉತ್ತರಕ್ಕೆ ಬರಬಹುದು ಎಂದು ಸಂಖ್ಯಾಶಾಸ್ತ್ರಜ್ಞ ಮಾರಿಸ್ ಡಿಗ್ರೂಟ್ 1974ರಲ್ಲಿ ತೋರಿಸಿದರು. ಮರುವರ್ಷವೇ ಇನ್ನೊಂದು ಪ್ರಬಂಧ ತಣ್ಣೀರೆರಚಿತು. ಮೆಸೇಜ್ ಕಳೆದುಹೋಗುವ ದಾರಿಯಲ್ಲಿ ಇಬ್ಬರು ಎಷ್ಟು ಸಲ 'ಮುಟ್ಟಿತು, ಮುಟ್ಟಿತು' ಅಂದುಕೊಂಡರೂ ಕೊನೆಯ 'ಮುಟ್ಟಿತು' ಮುಟ್ಟಿತೋ ಇಲ್ಲವೋ ಎಂಬ ಅನುಮಾನ ಉಳಿದೇ ಉಳಿಯುತ್ತದೆ.

ನನ್ನ ಪ್ರಕಾರ ಈ ವಿದ್ಯೆ ಬೆಳೆದದ್ದೇ ಆ ಖಾತ್ರಿಯ ಆಸೆ ಬಿಟ್ಟ ಮೇಲೆ. ಅಮೆರಿಕದ ಎಂಐಟಿಯ ಜಾನ್ ಸಿಟ್ಸಿಕ್ಲಿಸ್ 1984ರ ಪಿಎಚ್‌ಡಿಯಲ್ಲಿ, ಆಮೇಲೆ 1986ರಲ್ಲಿ ಬರ್ಟ್‌ಸೆಕಾಸ್ ಮತ್ತು ಅಥಾನ್ಸ್ ಜೊತೆ, ಹಳೇ ಸುದ್ದಿ ಇಟ್ಟುಕೊಂಡೂ ಕೆಲಸ ನಡೆಯುತ್ತದೆ ಎಂದು ತೋರಿಸಿದರು. ಸುದ್ದಿ ತೀರಾ ಹಳತಾಗಿರಬಾರದು, ಪ್ರತಿ ಸಲ ಮಾಡಿಕೊಳ್ಳುವ ಬದಲಾವಣೆ ಸಣ್ಣದಿರಬೇಕು, ಅಷ್ಟೇ. 2009ರಲ್ಲಿ ಏಂಜೆಲಿಯಾ ನೆಡಿಚ್ ಮತ್ತು ಅಸು ಓಜ್‌ಡಾಗ್ಲರ್ ಪ್ರತಿಯೊಬ್ಬರ ಅಗತ್ಯವೂ ಬೇರೆಬೇರೆ, ಸಂಪರ್ಕವೂ ಗಳಿಗೆಗೊಂದು ಥರ ಇರುವಾಗಿನ ಲೆಕ್ಕ ಕೊಟ್ಟರು.

ಆದರೆ ನಾನು ಹೇಳಿದ್ದು ನಿನಗೆ ಕೇಳಿ, ನೀನು ಹೇಳಿದ್ದು ನನಗೆ ಕೇಳದಿದ್ದರೆ? ಅದಕ್ಕೆ 2003ರಲ್ಲೇ ಕೆಂಪೆ, ಡೋಬ್ರಾ, ಗೆರ್ಕೆ ಒಂದು ದಾರಿ ಹುಡುಕಿದ್ದರು. ಪ್ರತಿಯೊಬ್ಬರ ಬಳಿ ಎರಡು ಅಂಕಿ: ಒಂದು ಬೇಡಿಕೆ, ಇನ್ನೊಂದು 1. ಎರಡರಲ್ಲೂ ಒಂದು ಪಾಲು ಇಟ್ಟುಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತಾ, ಬಂದದ್ದನ್ನು ಕೂಡಿಸಿಕೊಳ್ಳುತ್ತಾ ಹೋಗುವುದು. ಕೊನೆಗೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಎಲ್ಲರಿಗೂ ಸರಾಸರಿ ಬೇಡಿಕೆ ಸಿಗುತ್ತದೆ. ಟಿಸಿ ತಡೆಯುವುದೆಷ್ಟು, ಅದರ ಮೇಲಿರುವ ಮೋಟಾರ್ ಎಷ್ಟು ಎಂದು ಗೊತ್ತಿದ್ದರೆ, ತಾನೆಷ್ಟು ಕಡಿಮೆ ಮಾಡಿಕೊಳ್ಳಬೇಕೆಂದೂ ತಿಳಿಯುತ್ತದೆ. ತೊಂದರೆ ಇಷ್ಟೇ: ಒಂದು ಮೆಸೇಜ್ ಹೋಯಿತೆಂದರೆ ಅದರಲ್ಲಿದ್ದ ಪಾಲೂ ಹೋಯಿತು. ಉತ್ತರ ತಪ್ಪುತ್ತದೆ.

ಇದಕ್ಕೆ ಸಿಕ್ಕ ಮದ್ದು ಎಷ್ಟು ಸರಳ ನೋಡಿ. ಒಂದು ಸ್ಟಾರ್ಟರ್ ಮೂರು ಸುತ್ತಿನಲ್ಲಿ 4, 3, 2 ದಾಟಿಸಬೇಕಿದೆ ಅನ್ನೋಣ. ಅದು ಹಾಗೆ ಕಳಿಸದೆ ಇಲ್ಲಿವರೆಗಿನ ಒಟ್ಟು ಮೊತ್ತ ಕಳಿಸುತ್ತದೆ: 4, 7, 9. ನಡುವಿನ 7 ಮುಟ್ಟಲೇ ಇಲ್ಲ. 9 ಬಂದಾಗ ಆಚೆಯದು ತನ್ನ ಬಳಿಯ 4 ಕಳೆದು ಹೊಸದಾಗಿ 5 ಬಂತೆಂದು ಬರೆದುಕೊಳ್ಳುತ್ತದೆ. ಕಳೆದುಹೋದ 3 ಅದರಲ್ಲೇ ಬಂತು, ಅಲ್ವಾ? ಎರಡನೇ ಅಂಕಿಗೂ ಇದೇ ಲೆಕ್ಕ. 'ಮುಟ್ಟಿತಾ' ಎಂದು ಕೇಳುವ ಗೋಜೇ ಇಲ್ಲ. ಹಾಜಿಕೋಸ್ಟಿಸ್, ನಿತಿನ್ ವೈದ್ಯ, ಡೊಮಿಂಗೆಜ್-ಗಾರ್ಸಿಯಾ 2016ರಲ್ಲಿ ಪ್ರಕಟಿಸಿದ ವಿಧಾನವಿದು.

ಕಳೆದುಹೋಗುವ ಮೆಸೇಜಿಗೇನೋ ಮದ್ದು ಸಿಕ್ಕಿತು, ಸುಳ್ಳು ಮೆಸೇಜಿಗೆ ಇದು ನಾಟುವುದಿಲ್ಲ. ಯಾವನೋ ತನ್ನ ಸ್ಟಾರ್ಟರ್‌ನಲ್ಲಿ ಬೇಡಿಕೆಯನ್ನು ದುಪ್ಪಟ್ಟು ಬರೆದಿಟ್ಟರೆ ಆ ಸುಳ್ಳೂ ಒಂದಿಷ್ಟೂ ಸೋರದೆ ಎಲ್ಲರಿಗೂ ಮುಟ್ಟುತ್ತದೆ. ಮೂರನೇ ಒಂದು ಪಾಲು ಅಥವಾ ಅದಕ್ಕಿಂತ ಜಾಸ್ತಿ ಮಂದಿ ಮೋಸಗಾರರಾದರೆ ಬರೀ ಬಾಯಿಮಾತಿನ ಮೇಲೆ ಒಮ್ಮತ ಸಾಧ್ಯವಿಲ್ಲ ಎಂದು ಲ್ಯಾಂಪೋರ್ಟ್, ಶೋಸ್ಟಾಕ್, ಪೀಸ್ 1982ರಲ್ಲೇ ಬರೆದಿದ್ದರು. ಅಂಥ ಕಡೆ ಮೊಬೈಲ್ ಸ್ಟಾರ್ಟರ್ ಇಟ್ಟುಕೊಂಡು ಸುಮ್ನೆ ಕೂತರಾಗದು, ಪ್ರತಿ ಮೋಟಾರಿನ ಲೈನಿಗೂ ಮೀಟರ್ ಕೂರಿಸಿ ಯಾರು ಎಷ್ಟು ಎಳೆಯುತ್ತಿದ್ದಾರೆಂದು ಅಳೆಯಬೇಕು.