ರಾತ್ರಿ ಹಚ್ಚುವ ತೆಳು ಕ್ರೀಮು ಮತ್ತು ಊರಿನ ಹೊಗೆ

ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಸ್ಕೂಟರಿನಲ್ಲಿ ಮನೆ ಸೇರುವವರು ಒಂದು ಕೆಲಸ ಮಾಡಿ ನೋಡಬಹುದು. ಮುಖ ತೊಳೆಯುವ ಮೊದಲು ಒದ್ದೆ ಹತ್ತಿಯನ್ನು ಮೂಗಿನ ಪಕ್ಕ, ಕೆನ್ನೆ, ಕತ್ತಿನ ಮೇಲೆ ಮೆಲ್ಲಗೆ ಎಳೆಯಿರಿ. ಬಿಳಿ ಹತ್ತಿ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಕೊಳೆಯಲ್ಲಿ ಡೀಸೆಲ್ ಮಸಿ ಇದೆ, ಟೈರು ಮತ್ತು ಬ್ರೇಕು ಸವೆದ ಪುಡಿ ಇದೆ, ಕಟ್ಟಡದ ಸಿಮೆಂಟ್ ಧೂಳಿದೆ. ಜೊತೆಗೆ ನಮ್ಮದೇ ಬೆವರು, ಜಿಡ್ಡು.

ಹತ್ತಿಗೆ ಅಂಟಿದ್ದು ತೊಳೆದರೆ ಹೋಗುತ್ತದೆ. ಕಣ್ಣಿಗೆ ಕಾಣದ ಧೂಳಿನದೇ ದೊಡ್ಡ ತಲೆನೋವು. ಪಿಎಂ 2.5 ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದು 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳ ಲೆಕ್ಕ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣಗಳು ವರ್ಷದ ಸರಾಸರಿಯಲ್ಲಿ 5 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಭಾರತದ ಮಿತಿ 40. ವಾಹನಗಳ ಸಂಖ್ಯೆ ಕೋಟಿ ದಾಟಿರುವ ಬೆಂಗಳೂರಿನಲ್ಲಿ ಮೊದಲನೆಯ ಮಿತಿಯ ಹಲವು ಪಟ್ಟು ಧೂಳು ಗಾಳಿಯಲ್ಲಿದೆ.

ಈ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಅನ್ನುವುದು ಎಲ್ಲರಿಗೂ ಒಂದಷ್ಟು ಗೊತ್ತು. ಚರ್ಮದ ಮಾತು ಬಂದರೆ ಅದು ಬರೀ ಅಂದಚೆಂದದ ವಿಷಯ ಅಂತ ತಳ್ಳಿಹಾಕುವವರೇ ಜಾಸ್ತಿ. ಅದು ಸರಿಯಲ್ಲ. ಜರ್ಮನಿಯ ರೂರ್ ಎಂಬ ಕೈಗಾರಿಕಾ ಪ್ರದೇಶ ಮತ್ತು ಅದರ ಪಕ್ಕದ ಹಳ್ಳಿಗಾಡಿನ 70ರಿಂದ 80 ವರ್ಷದ 400 ಮಹಿಳೆಯರನ್ನು ಪರೀಕ್ಷಿಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮಸಿ ಮತ್ತು ವಾಹನದ ಕಣಗಳು ಹೆಚ್ಚಿದ್ದ ಕಡೆ ಬದುಕಿದವರ ಹಣೆ, ಕೆನ್ನೆಗಳ ಮೇಲೆ ಕಪ್ಪು ಚುಕ್ಕೆಗಳು ಸುಮಾರು 20% ಜಾಸ್ತಿ ಇದ್ದವು. ಬಿಸಿಲು, ಸಿಗರೇಟಿನಂಥ ಬೇರೆ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ಅವರದು ಬಿಳಿ ಚರ್ಮ. ನಮ್ಮಂಥ ಕಂದು ಚರ್ಮದಲ್ಲಿ ವಯಸ್ಸು ಮೊದಲು ಕಾಣಿಸಿಕೊಳ್ಳುವುದೇ ಬಂಗು, ಕಲೆಗಳ ರೂಪದಲ್ಲಿ. ಸುಕ್ಕು ಆಮೇಲೆ. ಆದ್ದರಿಂದ ಈ ಸುದ್ದಿ ನಮಗೆ ಇನ್ನೂ ಹತ್ತಿರದ್ದು.

ಹಾಗಾದರೆ ಮಸಿ ಕಲೆಯನ್ನು ಹೇಗೆ ತರುತ್ತದೆ? ಹೊಗೆಯ ಕಣಕ್ಕೆ ಪಿಎಎಚ್ ಎಂಬ ಗುಂಪಿನ ರಾಸಾಯನಿಕಗಳು ಅಂಟಿಕೊಂಡಿರುತ್ತವೆ. ಪೆಟ್ರೋಲು, ಡೀಸೆಲ್, ಕಸ, ಕಟ್ಟಿಗೆ, ಏನೇ ಅರೆಬರೆ ಉರಿದರೂ ಇವು ಹುಟ್ಟುತ್ತವೆ. ಇವು ಜಿಡ್ಡಿನಲ್ಲಿ ಕರಗುತ್ತವೆ. ಮುಖದ ಮೇಲೆ ಜಿಡ್ಡು ಇದ್ದೇ ಇರುತ್ತದೆ ಅಲ್ವಾ. ಅದರಲ್ಲಿ ಕರಗಿ ಒಳಗಿನ ಜೀವಕೋಶಗಳನ್ನು ತಲುಪಿದರೆ, ಅಲ್ಲಿ ಇಂಥ ವಸ್ತುಗಳನ್ನು ಗುರುತಿಸಲೆಂದೇ ಇರುವ ಒಂದು ಪ್ರೊಟೀನನ್ನು ಎಚ್ಚರಿಸುತ್ತವೆ. ಅದರ ಬೆನ್ನಿಗೇ ಉರಿಯೂತ ಶುರುವಾಗುತ್ತದೆ, ಬಣ್ಣ ತಯಾರಿಸುವ ಕೋಶಗಳು ಚುರುಕಾಗುತ್ತವೆ, ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜನ್ನನ್ನು ಕತ್ತರಿಸುವ ಕಿಣ್ವಗಳು ಹೆಚ್ಚುತ್ತವೆ. ಇನ್ನೊಂದು ಕಡೆಯಿಂದ ಓಝೋನ್ ಬರುತ್ತದೆ. ವಾಹನದ ಹೊಗೆಗೆ ಬಿಸಿಲು ಬಿದ್ದಾಗ ನೆಲಮಟ್ಟದಲ್ಲೇ ಹುಟ್ಟುವ ಅನಿಲ ಅದು. ಚರ್ಮದ ಹೊರಪದರದಲ್ಲಿರುವ ವಿಟಮಿನ್ ಇ ಯನ್ನು ಅದು ಖಾಲಿ ಮಾಡುತ್ತದೆ, ಜಿಡ್ಡನ್ನು ಕೆಡಿಸುತ್ತದೆ.

ಮೇಲಿನ ಮಾತಿನಲ್ಲಿ "ಒಳಗಿನ ಜೀವಕೋಶಗಳನ್ನು ತಲುಪಿದರೆ" ಅಂದೆ. ಇಡೀ ವಿಷಯ ನಿಂತಿರುವುದು ಆ ಒಂದು "ರೆ" ಮೇಲೆ.

ಚರ್ಮದ ತೀರಾ ಹೊರಗಿನ ಪದರ ಮುಖದಲ್ಲಿ ಹತ್ತಿಪ್ಪತ್ತು ಮೈಕ್ರೋಮೀಟರಿಗಿಂತ ದಪ್ಪ ಇರುವುದಿಲ್ಲ. ಅಷ್ಟರಲ್ಲೇ ಸತ್ತ, ಚಪ್ಪಟೆಯಾದ ಕೋಶಗಳು ಸುಮಾರು ಹತ್ತು ವರಸೆ ಕೂತಿರುತ್ತವೆ. ಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ ಎಂದು ಚರ್ಮತಜ್ಞರು ಇದನ್ನು ವಿವರಿಸುತ್ತಾರೆ. ಅಮೆರಿಕದ ಪೀಟರ್ ಇಲಿಯಾಸ್ ಈ ಚಿತ್ರವನ್ನು ಕೊಟ್ಟು ದಶಕಗಳೇ ಆದವು, ಇಂದಿಗೂ ಪಾಠ ಮಾಡುವವರು ಅದನ್ನೇ ಬಳಸುತ್ತಾರೆ. ಗಾರೆಯಲ್ಲಿ ಮುಖ್ಯವಾಗಿ ಮೂರು ಪದಾರ್ಥ: ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು. ತೂಕದಲ್ಲಿ ಅರ್ಧದಷ್ಟು ಸೆರಮೈಡೇ. ಗಾರೆ ಗಟ್ಟಿಯಿದ್ದರೆ ಒಳಗಿನ ನೀರು ಹೊರಗೆ ಹೋಗುವುದಿಲ್ಲ, ಹೊರಗಿನ ಹೊಲಸು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಗಾರೆ ಉದುರಿದ್ದರೆ ಎರಡೂ ಆಗುತ್ತವೆ.

ಇನ್ನು ರಾತ್ರಿ ಏಕೆ? ಚರ್ಮಕ್ಕೂ ಗಡಿಯಾರ ಇದೆ. ಚರ್ಮದಿಂದ ಆವಿಯಾಗಿ ಹೋಗುವ ನೀರನ್ನು ದಿನವಿಡೀ ಅಳೆದ ಒಂದು ಅಧ್ಯಯನ 1998ರಲ್ಲಿ ಬಂತು. ಬೆಳಗ್ಗೆಗಿಂತ ಸಂಜೆ ಮತ್ತು ರಾತ್ರಿ ಹೊತ್ತು ನೀರು ಜಾಸ್ತಿ ಹೋಗುತ್ತಿತ್ತು. ಅಂದರೆ ರಾತ್ರಿ ನಮ್ಮ ಚರ್ಮ ಒಣಗುವುದೂ ಹೆಚ್ಚು, ಹಚ್ಚಿದ್ದನ್ನು ಹೀರುವುದೂ ಹೆಚ್ಚು. ಹೆಚ್ಚು ತುರಿಕೆ ಇರುವವರು ರಾತ್ರಿಯೇ ನರಳುವುದಕ್ಕೆ ಇದೂ ಒಂದು ಕಾರಣ. ಆ ಏಳೆಂಟು ತಾಸು ಹೊಸ ಧೂಳಿಲ್ಲ, ಬಿಸಿಲಿಲ್ಲ, ಬೆವರು ಒರೆಸುವ ಕರ್ಚೀಫಿಲ್ಲ. ಹಚ್ಚಿದ್ದು ಹಚ್ಚಿದಲ್ಲೇ ಇರುತ್ತದೆ. ರಾತ್ರಿಯ ಮಾಯಿಶ್ಚರೈಸರಿನ ಲಾಭ ಇರುವುದು ಇಲ್ಲಿ. ಅದು ಹೊಗೆಯನ್ನು ತಡೆಯುವುದಿಲ್ಲ. ನಾಳೆಯ ಹೊಗೆ ಬರುವಷ್ಟರಲ್ಲಿ ಗಾರೆಯನ್ನು ಸರಿಮಾಡಲು ನೆರವಾಗುತ್ತದೆ.

"ಆಂಟಿ ಪೊಲ್ಯೂಷನ್" ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಹಾಗೆ ಬರೆಯಲು ಇಂಥದ್ದು ಇಷ್ಟು ಇರಲೇಬೇಕು ಅಂತ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಆ ಎರಡು ಪದಕ್ಕಾಗಿ ಜಾಸ್ತಿ ದುಡ್ಡು ಕೊಡುವುದು ಬೇಡ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. ಭಾರತದ ನಿಯಮದ ಪ್ರಕಾರ 1%ಗಿಂತ ಜಾಸ್ತಿ ಇರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. 1% ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಆಮೇಲೆ ಹೇಗೆ ಬೇಕಾದರೂ ಬರೆಯಬಹುದು. ಈ ಗೆರೆ ಎಲ್ಲಿದೆ ಅಂತ ಪತ್ತೆ ಮಾಡಲು ಒಂದು ಉಪಾಯ ಇದೆ. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಸಾಮಾನ್ಯವಾಗಿ 1% ಮೀರಿ ಹಾಕುವುದಿಲ್ಲ. ಪಟ್ಟಿಯಲ್ಲಿ ಅದರ ನಂತರ ಬರುವುದೆಲ್ಲ ಚೂರುಪಾರು ಅಂದುಕೊಳ್ಳಬಹುದು. ಮುಂದೆ ದೊಡ್ಡದಾಗಿ ಚಿತ್ರ ಹಾಕಿದ ಕೇಸರಿಯೋ ದಾಳಿಂಬೆಯೋ ಎಷ್ಟೋ ಸಲ ಈ ಹೆಸರಿನ ಕೆಳಗೆ ಸಿಗುತ್ತದೆ. ಸೆರಮೈಡ್ ಮಾತ್ರ ಸಣ್ಣ ಪ್ರಮಾಣದಲ್ಲಿದ್ದರೂ ಕೆಲಸಕ್ಕೆ ಬರುವ ವಸ್ತು, ಅದು ಕೆಳಗಿದೆ ಅಂತ ಬೇಜಾರು ಬೇಡ.

ಮೇಲಿನ ಸಾಲುಗಳಲ್ಲಿ ಮೊದಲು ಹುಡುಕಬೇಕಾದ್ದು ಗ್ಲಿಸರಿನ್. ಬಹಳ ಹಳೆಯದು, ಬಹಳ ಅಗ್ಗ. ನೀರನ್ನು ಹಿಡಿದಿಡುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಹಯಲುರಾನಿಕ್ ಆಮ್ಲದ ಹೆಸರು ಈಗ ಜೋರಾಗಿದೆ. ಅದರ ದೊಡ್ಡ ಅಣುಗಳು ಮೇಲ್ಮೈಯಲ್ಲೇ ಉಳಿದು ಮುಖಕ್ಕೆ ತಂಪು, ನುಣುಪು ಕೊಡುತ್ತವೆ. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಷ್ಟವೇನಿಲ್ಲ. ಹೊಗೆಯ ಊರಿನಲ್ಲಿರುವವರಿಗೆ ನಾನು ಒತ್ತಿ ಹೇಳುವ ಹೆಸರು ನಿಯಾಸಿನಮೈಡ್. ಇದು ವಿಟಮಿನ್ ಬಿ3 ಯ ಒಂದು ರೂಪ. ಚರ್ಮದ ಕೋಶಗಳು ತಾವೇ ಸೆರಮೈಡ್ ತಯಾರಿಸುವುದನ್ನು ಇದು ಹೆಚ್ಚಿಸುತ್ತದೆ ಎಂದು ಜಪಾನಿನ ಸಂಶೋಧಕರು 2000ದಲ್ಲಿ ತೋರಿಸಿದರು. ಬಣ್ಣದ ಕಣಗಳು ಒಂದು ಕೋಶದಿಂದ ಇನ್ನೊಂದಕ್ಕೆ ಸಾಗುವುದನ್ನು ತಗ್ಗಿಸುತ್ತದೆ ಎಂಬುದು 2002ರಲ್ಲಿ ಬಂತು. ಗಾರೆಗೂ ಸೈ, ಕಲೆಗೂ ಸೈ. 2ರಿಂದ 5% ಇದ್ದರೆ ಧಾರಾಳ ಸಾಕು. 10% ಅಂತ ಬರೆದದ್ದನ್ನು ಹಚ್ಚಿ ಮುಖ ಕೆಂಪಗೆ ಮಾಡಿಕೊಳ್ಳುವವರಿದ್ದಾರೆ, ಅದರ ಅಗತ್ಯ ಇಲ್ಲ. ವಿಟಮಿನ್ ಇ ಇದ್ದರೆ ಓಝೋನ್ ಕಬಳಿಸಿದ್ದನ್ನು ಸ್ವಲ್ಪ ತುಂಬಿಕೊಟ್ಟಂತಾಗುತ್ತದೆ. ಸುವಾಸನೆ ಇಲ್ಲದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಮೊದಲೇ ಕೆರಳಿದ ಚರ್ಮಕ್ಕೆ ಪರಿಮಳ ಹಿಡಿಸುವುದಿಲ್ಲ.

ತೆಳು ಕ್ರೀಮು, ದಪ್ಪ ಕ್ರೀಮು ಅನ್ನುವುದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗಾಜಿನ ಲೋಟದಲ್ಲಿ ಅರ್ಧ ನೀರು ಹಾಕಿ, ಕಡಲೆಕಾಳಿನಷ್ಟು ಕ್ರೀಮು ಬಿಟ್ಟು ಚಮಚದಿಂದ ಕದಡಿ. ನೀರೆಲ್ಲ ಹಾಲಿನ ಬಣ್ಣಕ್ಕೆ ತಿರುಗಿದರೆ ಅದು ನೀರಿನಲ್ಲಿ ಎಣ್ಣೆಯ ಹನಿಗಳನ್ನು ಬೆರೆಸಿದ ಜಾತಿ. ಕದಡಿದರೂ ಕರಗದೆ ಮುದ್ದೆಯಾಗಿ ಲೋಟದ ಗೋಡೆಗೆ, ಚಮಚಕ್ಕೆ ಅಂಟಿಕೊಂಡರೆ ಅದು ಎಣ್ಣೆಯಲ್ಲಿ ನೀರಿನ ಹನಿಗಳನ್ನು ಬೆರೆಸಿದ್ದು. ಮೊದಲನೆಯದು ಮುಖಕ್ಕೆ ಹಗುರ. ಎರಡನೆಯದು ಒಡೆದ ಹಿಮ್ಮಡಿಗೆ, ಒಣಗಿದ ಮೊಣಕಾಲಿಗೆ ಚೆನ್ನ. ಜೆಲ್ ಕ್ರೀಮಿನದು ಇನ್ನೊಂದು ಚೆಂದ. ಹಲವು ಜೆಲ್‌ಗಳನ್ನು ಗಟ್ಟಿ ಮಾಡಲು ಕಾರ್ಬೋಮರ್ ಹಾಕಿರುತ್ತಾರೆ. ಅಂಥದ್ದರ ಮೇಲೆ ಒಂದು ಚಿಟಿಕೆ ಅಡುಗೆ ಉಪ್ಪು ಉದುರಿಸಿ ನೋಡಿ, ನಿಮಿಷದೊಳಗೆ ನೀರಾಗುತ್ತದೆ. ಕೆನ್ನೆಗೆ ತಾಗಿಸಿದ ಕೂಡಲೇ ಅದು ತಣ್ಣಗೆ ಹರಡಿಕೊಳ್ಳುವುದಕ್ಕೂ ಇದೇ ಕಾರಣ, ನಮ್ಮ ಬೆವರಿನ ಉಪ್ಪು.

ತೆಳು ಇದ್ದರೆ ನೀರನ್ನು ತಡೆಯುವುದು ಹೇಗೆ ಅಂತ ಕೇಳಬಹುದು. ಪೆಟ್ರೋಲಿಯಂ ಜೆಲ್ಲಿ ನೀರು ಹೋಗುವುದನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. 1872ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು, ಆ ಒಂದು ಕೆಲಸದಲ್ಲಿ ಇಂದಿಗೂ ಅದಕ್ಕೆ ಸರಿಸಾಟಿ ಇಲ್ಲ. ಆದರೆ ಫ್ಯಾನಿನ ಕೆಳಗೂ ಬೆವರುವ ರಾತ್ರಿಯಲ್ಲಿ ಮುಖಕ್ಕೆ ಅದನ್ನು ಬಳಿದುಕೊಂಡು ಮಲಗುವವರು ಯಾರು? ಹಚ್ಚದೆ ಡಬ್ಬಿಯಲ್ಲೇ ಉಳಿದ ಕ್ರೀಮಿಗಿಂತ ದಿನಾ ಹಚ್ಚುವ ತೆಳು ಕ್ರೀಮು ಮೇಲು. ಅದಕ್ಕೇ ಡೈಮೆಥಿಕೋನ್, ಸ್ಕ್ವಾಲೇನ್ ಬೇಕಾಗುವುದು. ಡೈಮೆಥಿಕೋನ್ ಒಂದು ಸಿಲಿಕೋನ್. ಜಿಡ್ಡೆನಿಸದ ತೆಳು ಪದರವಾಗಿ ಕೂರುತ್ತದೆ, ಮೊಡವೆ ತರುವುದು ಅಪರೂಪ. ಸ್ಕ್ವಾಲೇನ್ ನಮ್ಮ ಚರ್ಮದ ಜಿಡ್ಡಿನಲ್ಲೇ ಇರುವ ಸ್ಕ್ವಾಲೀನಿನ ಹತ್ತಿರದ ಸಂಬಂಧಿ, ಆದರೆ ಅದರಂತೆ ಬೇಗ ಕೆಡುವುದಿಲ್ಲ. ಹಿಂದೆ ಶಾರ್ಕ್ ಮೀನಿನ ಯಕೃತ್ತಿನಿಂದ ತೆಗೆಯುತ್ತಿದ್ದರು. ಈಗ ಆಲಿವ್ ಮತ್ತು ಕಬ್ಬಿನಿಂದಲೂ ಬರುತ್ತದೆ.

ಕೊಬ್ಬರಿ ಎಣ್ಣೆ ಯಾಕಾಗಬಾರದು ಅಂತ ಅಮ್ಮಂದಿರು ಕೇಳುತ್ತಾರೆ. ಕೈಕಾಲಿಗೆ ಖಂಡಿತ ಆಗುತ್ತದೆ, ಒಣ ಚರ್ಮದ ಮಕ್ಕಳಿಗೂ ಒಳ್ಳೆಯದೇ. ಮೊಡವೆ ಬರುವ ಮುಖಕ್ಕೆ ಮಾತ್ರ ಬೇಡ. ರಂಧ್ರ ಕಟ್ಟಿ ಮೊಡವೆ ಹೆಚ್ಚುತ್ತದೆ. ಮೊಡವೆ ಆರಿದ ಜಾಗದಲ್ಲಿ ಕಲೆ ಉಳಿಯುತ್ತದೆ, ನಾವು ತಪ್ಪಿಸಬೇಕೆಂದು ಹೊರಟಿದ್ದು ಕಲೆಯನ್ನೇ.

ಊರು ಬದಲಾದರೆ ಕ್ರೀಮೂ ಬದಲಾಗಬೇಕು. ಮಂಗಳೂರು, ಕಾರವಾರದ ಗಾಳಿಯಲ್ಲಿ ವರ್ಷದ ಹೆಚ್ಚಿನ ಕಾಲ ನೀರಿನ ಪಸೆ ಇದ್ದೇ ಇರುತ್ತದೆ, ಅಲ್ಲಿ ಜೆಲ್ ಸಾಕು. ಬೆಂಗಳೂರಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಗಾಳಿ ಬಿಕೋ ಅಂತ ಒಣಗಿರುತ್ತದೆ, ಆಗ ಸೆರಮೈಡ್ ಇರುವ ಲೋಷನ್ ಬೇಕು. ಕಲಬುರಗಿ, ರಾಯಚೂರಿನ ಬಿಸಿಲಿಗೆ, ಇಡೀ ರಾತ್ರಿ ಎಸಿ ಹಾಕುವ ಕೋಣೆಗೆ ಅದಕ್ಕಿಂತ ಒಂದು ಹದ ದಪ್ಪಗಿನದು.

ಕ್ರೀಮಿಗಿಂತ ಮೊದಲು ತೊಳೆಯುವುದು ಸರಿಯಾಗಬೇಕು. ಹೊಗೆ ಕುಡಿದು ಬಂದ ಮುಖವನ್ನು ಕಂಡು ಸೋಪು ಹಾಕಿ ಗಸಗಸ ಉಜ್ಜಬೇಕು ಅನ್ನಿಸುವುದು ಸಹಜ. ಚರ್ಮದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸುಮಾರು 5; ಬಾರ್ ಸೋಪಿನದು ಸಾಮಾನ್ಯವಾಗಿ 9ರಿಂದ 10. ಉಜ್ಜಿದಷ್ಟೂ ಕೊಳೆಯ ಜೊತೆ ಗಾರೆಯೂ ತೊಳೆದುಹೋಗುತ್ತದೆ. ತೊಳೆದ ಮೇಲೆ ಮುಖ ಬಿಗಿದಂತಾದರೆ ಸ್ವಚ್ಛವಾಯಿತು ಅಂತ ಅರ್ಥವಲ್ಲ, ಹೆಚ್ಚು ತೊಳೆದಿರಿ ಅಂತ ಅರ್ಥ. ನೊರೆ ಕಡಿಮೆ ಇರುವ ಮೃದು ಫೇಸ್‌ವಾಶ್, ಉಗುರುಬೆಚ್ಚಗಿನ ನೀರು, ಬೆರಳು ಇಷ್ಟೇ ಸಾಕು. ಟವೆಲಿನಿಂದ ಒತ್ತಿ ಒರೆಸಿ, ಸ್ವಲ್ಪ ಪಸೆ ಇರುವಾಗಲೇ ಕ್ರೀಮು ಹಚ್ಚಿ.

ಎಷ್ಟು ಹಚ್ಚಬೇಕು? ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಮುಖ ಮತ್ತು ಕತ್ತಿಗೆ ಅಂಥ ಎರಡೂವರೆ ಸಾಕು. 50 ಗ್ರಾಂ ಟ್ಯೂಬು ಹಾಗೆ ನೋಡಿದರೆ 40 ರಾತ್ರಿಗೆ ಬರುತ್ತದೆ. ಬೆಲೆ ನೋಡುವಾಗ ಈ ಲೆಕ್ಕ ಹಾಕಿ. ಮೆಡಿಕಲ್ ಶಾಪಿನ ಸಾದಾ ಗ್ಲಿಸರಿನ್ ಲೋಷನ್ ಅಂಗಡಿಯ ಚಿನ್ನದ ಬಣ್ಣದ ಡಬ್ಬಿಗಿಂತ ಕಡಿಮೆಯೇನಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಜಂಕ್ಷನ್ನಿನಲ್ಲಿ ದಿನವಿಡೀ ನಿಲ್ಲುವ ಟ್ರಾಫಿಕ್ ಪೊಲೀಸರು, ಆಟೋ ಓಡಿಸುವವರು, ನಸುಕಿನಲ್ಲೇ ರಸ್ತೆ ಗುಡಿಸುವ ಪೌರಕಾರ್ಮಿಕರು, ಇವರ ಚರ್ಮ ಉಣ್ಣುವ ಹೊಗೆ ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಗೊತ್ತೇ ಆಗುವುದಿಲ್ಲ. ಚರ್ಮದ ಆರೈಕೆ ಅವರಿಗೆ ಶೋಕಿ ಅಲ್ಲ.

ಬೆಳಗ್ಗೆ ಸನ್‌ಸ್ಕ್ರೀನ್ ಬೇಕೇ ಬೇಕು. ಮೊದಲು ಹೇಳಿದ ಪಿಎಎಚ್‌ಗಳ ಮೇಲೆ ಬಿಸಿಲಿನ ಯುವಿಎ ಕಿರಣ ಬಿದ್ದರೆ ಹಾನಿ ಬೆಳೆಯುತ್ತದೆ, ಎರಡೂ ಸೇರಿದಾಗ ಆಗುವ ಪೆಟ್ಟು ಒಂದೊಂದರದ್ದಕ್ಕಿಂತ ದೊಡ್ಡದು.

ಹೊಸ ಕ್ರೀಮನ್ನು ಮೊದಲು ದವಡೆಯ ಅಂಚಿಗೆ ಮೂರ್ನಾಲ್ಕು ರಾತ್ರಿ ಹಚ್ಚಿ ನೋಡಿ, ಉರಿ ಇಲ್ಲದಿದ್ದರೆ ಮುಖಕ್ಕೆಲ್ಲ ಹಚ್ಚಿ. ರೆಟಿನಾಲ್ (ವಿಟಮಿನ್ ಎ ಯ ಒಂದು ರೂಪ) ಇರುವ ನೈಟ್ ಕ್ರೀಮನ್ನು ಬಸುರಿಯರು ಬಳಸಬಾರದು. ವಾರದಲ್ಲಿ ಮುಖ ಬೆಳ್ಳಗಾಗುತ್ತದೆ ಅಂತ ಹೇಳಿ ಕೊಡುವ ಟ್ಯೂಬಿನ ತಂಟೆಗೇ ಹೋಗಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಇರುವುದುಂಟು, ಕೆಲವು ಹೆಸರಿಲ್ಲದ ಡಬ್ಬಿಗಳಲ್ಲಿ ಪಾದರಸವೂ ಸಿಕ್ಕಿದೆ. ಸ್ಟೀರಾಯ್ಡ್ ಚರ್ಮವನ್ನು ತೆಳ್ಳಗೆ ಮಾಡುತ್ತದೆ, ಪಾದರಸ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಹಚ್ಚುವ ಹಲವು ಸ್ಟೀರಾಯ್ಡ್ ಔಷಧಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ಬಿಗಿ ಮಾಡಿದೆ. ಅಂಥದ್ದನ್ನು ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದೀರಿ, ಬಿಟ್ಟ ಕೂಡಲೇ ಮುಖ ಕೆಂಪಾಗಿ ಉರಿಯುತ್ತದೆ ಅಂತಾದರೆ ನೀವಾಗಿಯೇ ಏನೂ ಮಾಡಬೇಡಿ. ಚರ್ಮದ ಡಾಕ್ಟರ ಹತ್ತಿರ ಹೋಗಿ, ಆ ಟ್ಯೂಬನ್ನೂ ಜೊತೆಗೆ ಒಯ್ಯಿರಿ.